ಜೋಗ ನೋಡಿದ್ರಿ, ಕಾನು ನೋಡಿದ್ರೇನು?

ಮಳೆಗಾಲದಾಗ ಜೋಗಕ್ಕೆ ಹೋಗಿದ್ರಂತಲ್ಲ? ಇಲ್ಲ ಅನ್ನಬ್ಯಾಡ್ರಿ, ನಿಮ್ಮ ಸ್ಟೇಟಸ್ ನೋಡೀನಿ. ಎಮ್ಮಿಗನೂರು ಬಿಟ್ಟು, ಆದೋನಿ, ಆಲೂರು, ಬಳ್ಳಾರಿ ದಾಟಿ, ರಾತ್ರಿಯೆಲ್ಲ ಕಾರು ಓಡಿಸಿ ಫೋಟೊ ಹಾಕೀರಿ. ಎಲ್ಲಾದ್ರಾಗೂ ನೀವು ಮುಂದ, ಜೋಗ ಹಿಂದ. (ಅದೂ ಮಂಜಿನಾಗ ಅರ್ಧ ಮುಳುಗೈತಿ, ಪಾಪ!)

ನಿಮ್ಮದೇನೂ ತಪ್ಪಿಲ್ಲ ಬಿಡ್ರಿ. ಹತ್ತಿ, ಶೇಂಗಾ ಬೆಳೆಯೋ ಮಂದಿ ನಾವು, ಮೋಡ ಕಂಡ್ರೆ ಅಂಗಳಕ್ಕೆ ಓಡಿ ಬರೋರು. ಅಂಥೋರ ಮುಂದ ಶರಾವತಿ ರಾಜ, ರಾಣಿ, ರೋರರ್, ರಾಕೆಟ್ ಅಂತ ನಾಕು ಕವಲಾಗಿ 253 ಮೀಟರ್ ಕೆಳಗ ಧುಮುಕಿದ್ರೆ ಬಾಯಿ ಬಿಡದೇ ಇರೋಕಾಗ್ತೈತೇನು?

ಆದ್ರೂ "ರೀಲ್ಸಿನಾಗ ನೀರು ಇನ್ನೂ ಜಾಸ್ತಿ ಇತ್ತಲ್ಲೋ" ಅಂತ ಮೂಗು ಮುರಿದ್ರಂತೆ? ಅಲ್ರಿ, ಮ್ಯಾಲೆ ಲಿಂಗನಮಕ್ಕಿ ಡ್ಯಾಮ್ ಕಟ್ಟಿದ್ದು 1964ರಾಗ. ನೀರು ಕರೆಂಟ್ ಮಾಡಾಕ ಹೋಗ್ತೈತಿ. ಲಾಡ್ಜಿನಾಗ ಸಿಕ್ಕ ಪ್ಲಗ್ಗಿಗೆಲ್ಲ ಫೋನು ಚುಚ್ಚಿದ್ರಲ್ಲ, ಕರೆಂಟ್ ಸುಮ್ಮನೆ ಬರ್ತೈತಿ ಅಂದ್ಕೊಂಡ್ರೇನು?

ಅದಿರ್ಲಿ. ಮಾವಿನಗುಂಡಿ ದಾಟಿ ಹೊನ್ನಾವರದ ದಿಕ್ಕಿಗೆ ಹೊಂಟ್ರೆ ಕತ್ತಲೆಕಾನು ಬರ್ತೈತಿ (ಕಾನು ಅಂದ್ರೆ ಮಲೆನಾಡಿನ ದಟ್ಟ ಕಾಡು). ಅಲ್ಲಿ ಇಳಿದ್ರೇನು? "ಅಲ್ಲೇನೈತಿ ನೋಡಾಕ?" ಅಂದಿರ್ತೀರಿ. ಖರೇ, ವ್ಯೂಪಾಯಿಂಟ್ ಇಲ್ಲ, ಸುಟ್ಟ ಮೆಕ್ಕೆತೆನೆ ಇಲ್ಲ, ಸೆಲ್ಫಿಗೆ ಬೆಳಕೂ ಸಾಲೋದಿಲ್ಲ.

ಇರೋದು ಏನು ಕೇಳ್ರಿ. ಮರದ ಬುಡದಾಗ ತೆಳ್ಳಗೆ ನೀರು ಹರಿಯೋ ಕೆಸರು, ಕೆಸರಿನಾಗ ರಾಮಪತ್ರೆ ಜಾತಿಯ ಮರ. ಅದಕ್ಕ ರಾಮಪತ್ರೆ ಜಡ್ಡಿ ಅಂತಾರ. ಒಳಗ ಬೇರಿಗೆ ಉಸಿರು ಕಟ್ತೈತಿ ನೋಡ್ರಿ, ಅದಕ್ಕೇ ಬೇರುಗಳೆಲ್ಲ ಮಂಡಿ ಮಡಿಚಿ ಮ್ಯಾಲೆದ್ದು ಕುಂತಿರ್ತಾವ, ಗುಡಿಕಟ್ಟಿ ಮ್ಯಾಲಿನ ಮುದುಕರಂಗ.

2000ದಾಗ ಇಲ್ಲಿಯದೊಂದು ಮರಕ್ಕ ವಿಜ್ಞಾನಿಗಳು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಈ ಊರಿನ ಹೆಸರೇ ಇಟ್ರು. (ನೀವು ಉಪ್ಪಿಟ್ಟಿನಾಗ ಹುಡುಕಿ ಹುಡುಕಿ ತಿಂತೀರಲ್ಲ ಗೋಡಂಬಿ, ಅದರ ದಾಯಾದಿ.) ಮ್ಯಾಲೆ ಕೊಂಬಿನಾಗ ಸಿಂಗಳೀಕ. 2019ರಾಗ ಶರಾವತಿ ಕಣಿವೆಯನ್ನ ಇವುಗಳ ಹೆಸರಿಗೇ ಅಭಯಾರಣ್ಯ ಮಾಡ್ಯಾರ.

ಸಿಂಗಳೀಕ ನೆಲಕ್ಕಿಳಿಯೋದೇ ಅಪರೂಪ. ನೀವೋ, ಬ್ಲೂಟೂತ್ ಸ್ಪೀಕರ್ ಹೆಗಲಿಗೆ ಹಾಕ್ಕೊಂಡು "ಏ ಬರ್ರೋ, ಬರ್ರೋ!" ಅಂತ ಹೊಂಟಿರ್ತೀರಿ. ಅದು ಆ ಕಡಿ ಗುಡ್ಡ ಸೇರ್ತೈತಿ. ಕಾರಿಗೆ ವಾಪಸ್ ಬಂದು ನೀವು ಕೊಡೋ ತೀರ್ಪು ಏನು? "ಥೂ, ಏನೂ ಕಾಣಲಿಲ್ಲಪ್ಪ!"

ಕಾಣಲಿಲ್ಲ ಅಂದ್ರೂ ನಿಮ್ಮನ್ನ ಕಂಡೋರು ಇರ್ತಾರ. ಉಂಬಳ! ಕಾಲಿಗೆ ಹತ್ತಿದ್ದು ಗೊತ್ತೇ ಆಗೋದಿಲ್ಲ. ಕುಡಿದು ತೃಪ್ತಿಯಾಗಿ ಉದುರಿದ ಮ್ಯಾಲೆ ಸಾಕ್ಸ್ ಕೆಂಪಾಗಿರ್ತೈತಿ. ಅಲ್ಲಿಯೋರು ಒಂಚೂರು ಸುಣ್ಣ ಮುಟ್ಟಿಸಿ ನಡೀತಾನೇ ಇರ್ತಾರ. ನಿಮ್ಮ ಕುಣಿತ ಮಾತ್ರ ವಿಡಿಯೋ ಮಾಡೋ ಹಂಗ. (ಅದನ್ನ ಯಾಕ ಸ್ಟೇಟಸ್ಸಿಗೆ ಹಾಕಲಿಲ್ರಿ?)

"ಮಲೆನಾಡಿನ ಕೆಸರಿನ ಚಿಂತಿ ನಮಗ್ಯಾಕೋ ಮಾರಾಯಾ" ಅಂತೀರಾ? ನಮ್ಮ ಎಲ್‌ಎಲ್‌ಸಿ ಕಾಲುವಿಗೆ ನೀರು ಎಲ್ಲಿಂದ ಬರ್ತೈತಿ? ಹೊಸಪೇಟೆ ಡ್ಯಾಮಿನಿಂದ. ಡ್ಯಾಮಿಗೆ? ತುಂಗಭದ್ರೆಯಿಂದ. ಶರಾವತಿ ಹೊನ್ನಾವರದ ಸಮುದ್ರಕ್ಕ ಹೋಗೋಳು, ನಮಗೆ ಬರೋಳಲ್ಲ. ಆದ್ರೆ ನಮ್ಮ ತುಂಗೆ, ಭದ್ರೆ ಇಬ್ರೂ ಹುಟ್ಟೋ ಗಂಗಾಮೂಲ ಇರೋದು ಕುದುರೆಮುಖದ ಇಂಥದ್ದೇ ಕಾಡಿನಾಗ. ಬಿದ್ದ ಮಳಿಯನ್ನ ಹಿಡಿದಿಟ್ಟು, ಮಳಿ ನಿಂತ ಮ್ಯಾಲೂ ತಟಕು ತಟಕು ಹಳ್ಳಕ್ಕೆ ಬಿಡೋದೇ ಈ ಕಾಡಿನ ಕೆಲಸ.

ಕಾಲುವಿ ತುದಿಗೆ ನೀರು ಮುಟ್ಟಲಿಲ್ಲ ಅಂತ ಅರ್ಜಿ ಹಿಡ್ಕೊಂಡು ಆಫೀಸಿಗೆ ಅಲೆಯೋರೂ ನೀವೇ, ನೀರು ಹುಟ್ಟೋ ಕಾಡಿನಾಗ ಚಿಪ್ಸ್ ಪ್ಯಾಕೆಟ್ ಒಗೆದು ಬರೋರೂ ನೀವೇ. (ಹೆಸರು ಹೇಳೋದಿಲ್ಲ, ಹೆದರಬ್ಯಾಡ್ರಿ.)

ಮುಂದಿನ ಸಲ ಹಿಂಗ ಮಾಡ್ರಿ. ಅರಣ್ಯ ಇಲಾಖೆಯೋರ ಅನುಮತಿ ತಗೊಂಡು, ಜತಿಗೆ ಅಲ್ಲಿಯೋರೊಬ್ಬರನ್ನ ಕರ್ಕೊಳ್ರಿ. ಉಗ್ಗಾಣಿ, ಬಜ್ಜಿ ಕಾರಿನಾಗೇ ತಿಂದು ಮುಗಿಸ್ರಿ. ಸ್ಪೀಕರ್ ನೀಲಕಂಠೇಶ್ವರನ ಜಾತ್ರಿಗೆ ಎತ್ತಿಡ್ರಿ. ಅರ್ಧ ತಾಸು, ಬರೇ ಅರ್ಧ ತಾಸು, ಬಾಯಿ ಮುಚ್ಚಿ ನಡೀರಿ. ಆಗೋದಿಲ್ಲೇನು? ಹಂಗಾದ್ರೆ ಕಾನಿಗೆ ಹೋಗಲೇಬ್ಯಾಡ್ರಿ, ಜೋಗದ ಮುಂದೇ ನಿಂತು ಒದರ್ರಿ. ರೋರರ್ ನಿಮಗಿಂತ ಜೋರು ಒದರ್ತೈತಿ, ಯಾರಿಗೂ ತ್ರಾಸಿಲ್ಲ.