ಹೊಲದಲ್ಲಿ ಚಿನ್ನ ಹುಡುಕುವವರಿಗೆ ಕೈಪಿಡಿ

ಮೊದಲು ಜಾಗ. ನೀವು ಚಿಂತಾಮಣಿಯವರೋ ಶಿಡ್ಲಘಟ್ಟದವರೋ ಆಗಿದ್ದರೆ ಒಂದು ಹಳೆಯ ಹೊಟ್ಟೆಯುರಿ ಇದ್ದೇ ಇರುತ್ತದೆ: 2007ರಲ್ಲಿ ಜಿಲ್ಲೆ ಒಡೆದಾಗ ಚಿನ್ನದ ಗಣಿ ಕೋಲಾರಕ್ಕೆ ಉಳಿಯಿತು, ನಮ್ಮ ಪಾಲಿಗೆ ಬಂಡೆ ಬಂತು. (ಗಣಿ 2001ರಲ್ಲೇ ಮುಚ್ಚಿತ್ತೆಂಬುದನ್ನು ಸದ್ಯಕ್ಕೆ ಮರೆಯಿರಿ.) ಆ ಚಿನ್ನ ಇರುವುದು ಉತ್ತರ-ದಕ್ಷಿಣವಾಗಿ ಸುಮಾರು 80 ಕಿ.ಮೀ. ಹಾಯುವ ಕಿರಿದಾದ ಶಿಲಾಪಟ್ಟಿಯಲ್ಲಿ; ನಮ್ಮಲ್ಲಿ ಬಹುಪಾಲು ಗ್ರಾನೈಟು. ಆದರೂ ಬದುವಿನಲ್ಲಿ ಬೆಣಚುಕಲ್ಲು ಕಂಡರೆ ಆಸೆ ಬಿಡುವುದಿಲ್ಲ. ಫಳಫಳ ಎನ್ನುವುದನ್ನೆಲ್ಲ ಜೇಬಿಗಿಳಿಸಬೇಡಿ, ಅದು ಕಾಗೆಬಂಗಾರ.

ಪರವಾನಗಿ ಕೈಗೆ ಬಂದ ಮೇಲೆ ಊರಿನವರಿಗೆ ತಿಳಿಸಿ. ಹೇಳದೆ ಜೆಸಿಬಿ ಇಳಿಸಿದರೆ ನಿಧಿಗಳ್ಳರೆಂದೇ ಲೆಕ್ಕ. ನಿಂಬೆಹಣ್ಣು, ಕುಂಕುಮ ಹತ್ತಿರ ಇರಕೂಡದು, ಜೆಸಿಬಿ ಪೂಜೆಗಾದರೂ ಸರಿ. ಹೊಲದ ಯಜಮಾನರು "ಚಿನ್ನ ಇರ್ಲಿ ಸಾರ್, ನೀರು ಎಷ್ಟಡಿಗೆ ಸಿಗುತ್ತೆ?" ಎನ್ನುತ್ತಾರೆ. ಸಾವಿರದಿನ್ನೂರು ಅಡಿ ಬೋರು ಕೊರೆಸಿ, ಬರೀ ಬೂದಿಬಣ್ಣದ ಪುಡಿ ಎದ್ದದ್ದನ್ನು ನಿಂತು ನೋಡಿದವರು ಅವರು. ಎಷ್ಟನೇ ಅಡಿಗೆ ಪುಡಿಯ ಬಣ್ಣ ಬದಲಾಯಿತೆಂದು ಕೇಳಿ ಬರೆದುಕೊಳ್ಳಿ.

ಕಂದಕವನ್ನು ಶಿಲೆಯ ಪಟ್ಟಿಗೆ ಅಡ್ಡಲಾಗಿ ತೋಡಿ. ಉದ್ದಕ್ಕೆ ತೋಡಿದರೆ ಒಂದೇ ಎಳೆಯ ಮೇಲೆ ನಡೆದುಹೋಗಿ, ಇಡೀ ಹೊಲವೇ ಚಿನ್ನವೆಂದು ವರದಿ ಬರೆಯಬಹುದು. ಷೇರು ಮಾರುವವರಿಗೆ ಇದು ಬಹಳ ಅನುಕೂಲ. ಕೆಮ್ಮಣ್ಣು ಒಂದು ಕಡೆ, ಮೊರಂ ಇನ್ನೊಂದು ಕಡೆ ಹಾಕಿಸಿ. ಮುಚ್ಚುವಾಗ ಕೆಮ್ಮಣ್ಣು ಮೇಲೆ ಬರಬೇಕು, ಇಲ್ಲವಾದರೆ ರಾಗಿ ಏಳುವುದಿಲ್ಲ. ಗಟ್ಟಿಕಲ್ಲು ಸಿಕ್ಕಿದಲ್ಲಿ ಯಂತ್ರ ನಿಲ್ಲಿಸಿ, ಪೊರಕೆ ಹಿಡಿಯಿರಿ. ಗುಡಿಸಲು ನಾಚಿಕೊಳ್ಳುವವರು ಈ ಕಸುಬಿಗೆ ಆಗುವುದಿಲ್ಲ.

ಈಗ ಮಾದರಿ. ಗುಡಿಸಿದ ಕಲ್ಲಿನ ಮೇಲೆ ಉದ್ದಕ್ಕೂ ಒಂದೇ ಅಗಲ, ಒಂದೇ ಆಳದ ಸಣ್ಣ ಕಾಲುವೆ ಕಡಿದು, ಮೀಟರಿಗೊಂದು ಚೀಲ ತುಂಬಿ. ಹೇಳುವುದು ಸುಲಭ. ಸುತ್ತಿಗೆ ತಾನಾಗಿಯೇ ಬೆಣಚಿನ ಕಡೆ ವಾಲುತ್ತದೆ. ಮೆದುಕಲ್ಲು ಚೀಲಕ್ಕೆ ಹೆಚ್ಚು ಉದುರುತ್ತದೆ, ಗಟ್ಟಿಕಲ್ಲಿಗೆ ಕೈ ಸೋಲುತ್ತದೆ. ಟನ್ನಿಗೆ ಐದು ಗ್ರಾಂ ಇದ್ದರೆ ಒಳ್ಳೆಯ ಅದಿರು. ಅಂದರೆ ಮೂರು ಕಿಲೋ ಚೀಲದಲ್ಲಿ 15 ಮಿಲಿಗ್ರಾಂ. ಆದ್ದರಿಂದ ಉಂಗುರ ಬಿಚ್ಚಿಡಿ, ಮದುವೆಯದಾದರೂ. ಹೆಂಡತಿ ಕೇಳಿದರೆ ಬ್ರೆ-ಎಕ್ಸ್ ಎಂಬ ಚಿನ್ನದ ಕಂಪನಿಯ ಕಥೆ ಹೇಳಿ: ಇಂಡೋನೇಷ್ಯಾದಲ್ಲಿ ಅದು ತೆಗೆದ ಮಾದರಿಗಳಿಗೆ ಹೊರಗಿನ ಚಿನ್ನ ಬೆರೆಸಿದ್ದು 1997ರಲ್ಲಿ ಬಯಲಾಗಿ ಕಂಪನಿಯೇ ಮುಳುಗಿತು. 1802ರಲ್ಲಿ ಕೋಲಾರದ ಕಡೆ ಚಿನ್ನ ಹುಡುಕಿದ ಲೆಫ್ಟಿನೆಂಟ್ ಜಾನ್ ವಾರನ್‌ಗೆ ಈ ತಾಪತ್ರಯವಿರಲಿಲ್ಲ. ಬಹುಮಾನ ಕೊಡುತ್ತೇನೆಂದ; ಊರಿನವರು ಬಂಡಿಯಲ್ಲಿ ಮಣ್ಣು ತಂದು, ಎದುರಿಗೇ ತೊಳೆದು ತೋರಿಸಿದರು.

ಚೀಲಗಳನ್ನು ಪ್ರಯೋಗಾಲಯಕ್ಕೆ ಕಳಿಸುವಾಗ, ಚಿನ್ನವಿಲ್ಲವೆಂದು ಖಾತ್ರಿಯಾದ ನಮ್ಮದೇ ಸೈಜುಗಲ್ಲಿನ ಪುಡಿಯ ಒಂದೆರಡು ಚೀಲಗಳನ್ನೂ ಸದ್ದಿಲ್ಲದೆ, ಸಾಲಿನ ಸಂಖ್ಯೆ ಕೊಟ್ಟು ಸೇರಿಸಿ. ಫಲಿತಾಂಶದಲ್ಲಿ ಆ ಚೀಲಕ್ಕೂ ಚಿನ್ನ ಬಂದಿದ್ದರೆ ಸ್ವೀಟು ಹಂಚಬೇಡಿ, ಕ್ವಾರಿ ಕೊಳ್ಳಲೂ ಓಡಬೇಡಿ. ಇಡೀ ಕಂತನ್ನು ಮತ್ತೆ ಪರೀಕ್ಷೆ ಮಾಡಿಸಿ.