ತಿರುಮಕೂಡಲು ಕೂಡಲಿಲ್ಲ

"ಕೋಡ್ ಬರೆಯೋದೇ ಬೇಡ ಸಾರ್, ಎಳೆದರೆ ಸಾಕು" ಅಂದ, ನಂಜನಗೂಡಿನ ಅಕ್ಕಿ ವ್ಯಾಪಾರಿಯ ಮಗ. ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುವ ಊರಿನವನಿಗೆ ಎಳೆಯೋದೇನು ಹೊಸದೇ?

ಹಳೇ ಬಿಲ್ಲುಗಳೆಲ್ಲ ಸೇರಿದರೆ ಎಕ್ಸೆಲ್ ಹಾಳೆಯ 10,48,576 ಸಾಲೂ ಸಾಲದು. ಹುಡುಗ ಎಕ್ಸೆಲ್ಲಿನದೇ ಸಲಕರಣೆಯಾದ ಪವರ್ ಕ್ವೆರಿ ತೆರೆದ. ಮಾಡಿದ ಒಂದೊಂದು ಕೆಲಸವನ್ನೂ ಅದು ಪಕ್ಕದಲ್ಲೇ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ತಿಂಗಳು 'ರಿಫ್ರೆಶ್' ಒತ್ತಿದರೆ ಅಷ್ಟನ್ನೂ ಗೊಣಗದೆ ಮತ್ತೆ ಮಾಡುತ್ತದೆ. ಇಂಥ ಗುಮಾಸ್ತರನ್ನು ನಾನು ಕಂಡಿಲ್ಲ.

ತೊಡಕು ಬಂದದ್ದು ಊರಿನ ಹೆಸರಲ್ಲಿ. ಟಿ. ನರಸೀಪುರ, ತಿ.ನರಸೀಪುರ, ಟಿ.ಎನ್. ಪುರ, ತಿರುಮಕೂಡಲು. ಕಾವೇರಿ, ಕಪಿಲೆ, ಸ್ಫಟಿಕ ಸರೋವರ ಮೂರೂ ಸೇರಿ ಒಂದಾದ ಜಾಗ ಬಿಲ್ಲಿನಲ್ಲಿ ನಾಲ್ಕಾಗಿತ್ತು! ಹೋಲುವ ಹೆಸರುಗಳನ್ನು ಜೋಡಿಸಲು 'ಫಜ್ಜಿ ಮರ್ಜ್' ಇದೆ. ಹೋಲಿಕೆಯ ಮಟ್ಟ ಮೊದಲಿಗೆ 0.80, ಹುಡುಗ ಧಾರಾಳವಾಗಿ ಇಳಿಸಿದ. ಹಾಸನ ಜಿಲ್ಲೆಯ ಹೊಳೆನರಸೀಪುರ ಹೇಮಾವತಿಯ ದಡ ಬಿಟ್ಟು ಬಂದು ಸಂಗಮದಲ್ಲಿ ಮುಳುಗಿತು. ತಿರುಮಕೂಡಲು ಮಾತ್ರ ಏನು ಮಾಡಿದರೂ ಕೂಡಲಿಲ್ಲ.

ಕೊನೆಗೆ ಅಪ್ಪನೇ ಕೂತು "ಇದೂ ಅದೇ ಕಣೋ, ಅದೂ ಇದೇ" ಅಂತ ಎರಡು ಕಾಲಮ್ಮಿನ ಪಟ್ಟಿ ಹೇಳಿ ಬರೆಸಿದರು. ಅದಕ್ಕೆ 'ಟ್ರಾನ್ಸ್‌ಫರ್ಮೇಷನ್ ಟೇಬಲ್' ಅನ್ನುತ್ತಾರಂತೆ. ಅಷ್ಟು ದೊಡ್ಡ ಹೆಸರು ಕೇಳಿದ ಮೇಲೆ, ಅಪ್ಪ ಮಗನ ಹತ್ತಿರ ಕನ್ಸಲ್ಟಿಂಗ್ ಫೀಸು ಕೇಳಿದರು.