ರಟ್ಟೆ ಸ್ಟೇರಿಂಗ್

ನಮ್ಮ ಹಳೇ ಕಾರಿನ ಪವರ್ ಸ್ಟೇರಿಂಗ್ ಪಂಪು ಕೈಕೊಟ್ಟ ಮೇಲೆ ಅದರ ಕೆಲಸ ನನ್ನ ರಟ್ಟೆಗಳಿಗೆ ಬಿದ್ದಿದೆ. ಎಂಜಿನ್ನಿನ ಬೆಲ್ಟು ಪಂಪನ್ನು ತಿರುಗಿಸಿ, ಪಂಪು ಎಣ್ಣೆಯನ್ನು ಒತ್ತಿ, ಎಣ್ಣೆ ಚಕ್ರ ಹೊರಳಿಸಲು ನೆರವಾಗುವ ಆ ಕೂಡುಕುಟುಂಬ ಒಡೆದುಹೋಗಿದೆ. ಗಾಡಿ ಓಡುವಾಗ ಅಷ್ಟೇನಿಲ್ಲ. ನಿಂತಲ್ಲೇ ತಿರುಗಿಸಬೇಕೆಂದರೆ ಮಾತ್ರ ಹಲ್ಲು ಕಚ್ಚಬೇಕು. ಗಾಂಧಿ ಬಜಾರಿನಲ್ಲಿ ಅಪರೂಪಕ್ಕೆ ಪಾರ್ಕಿಂಗ್ ಜಾಗ ಕಂಡರೂ, ರಿವರ್ಸ್ ನೆನೆದು ಬೆವರಿ, ಕಾಣದವನಂತೆ ಮುಂದೆ ಹೋಗುತ್ತೇನೆ. ಯೂ-ಟರ್ನ್ ಬೇಡವೆಂದು ನೆಂಟರ ಮನೆಗಳನ್ನೇ ಬಿಟ್ಟಿದ್ದೇನೆ.

ಮೆಕ್ಯಾನಿಕ್ ಬಾನೆಟ್ ಎತ್ತಿ, ‘ಸಾರ್, ಹೊಸಾ ಪಂಪಿನ ರೇಟು ಕೇಳಿದ್ರೆ ಗಾಡೀನೇ ನಾಚ್ಕೊಳ್ಳತ್ತೆ. ಜೆ.ಸಿ. ರೋಡಲ್ಲಿ ಸೆಕೆಂಡ್ ಹ್ಯಾಂಡ್ ನೋಡ್ಲಾ?’ ಅಂದ.

ನನ್ನವಳು ಅಡ್ಡ ಬಂದಳು: ‘ನಿಧಾನಕ್ಕೆ ಹುಡುಕಪ್ಪಾ. ಜಿಮ್ಮಿಗೆ ದುಡ್ಡು ಕಟ್ಟಿದಾಗ ಕರಗದ ಹೊಟ್ಟೆ ಈಗ ಕರಗ್ತಿದೆ!’